ಆಬಾಸಾಹೇಬರ ಎದೆಯಲ್ಲಿ ಶ್ರೀ

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಸಂಜೆ ಮುಕುಂದ ಪೋತನೀಸ ಚಹಾ ಕುಡಿಯಲು ಐದು ನಿಮಿಷ ಹೊರಗೆ ಹೋಗದೇ ಇದ್ದಿದ್ದರೆ ಈ ರಾದ್ಧಾಂತ ಆಗುತ್ತಿರಲಿಲ್ಲ. ಅವನು ಹೋದ. ಮರಳಿ ಬಂದು ನೋಡಿದರೆ ಮಿರಜಿನ ಹಸಬನೀಸ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ತುಂಬ ಊದುಬತ್ತಿಯ ಹೊಗೆ. ಮೇಜಿನ ಮೇಲೆ ಚೆಂಡುಹೂವು, ಒಡೆದ ತೆಂಗಿನಕಾಯಿ, ಅವುಗಳ ನಡುವೆ ಅವನ ಹೊಸ ಎಕ್ಸ್‌ರೇ ಪ್ಲೇಟು. ಪ್ಲೇಟಿನ ನಟ್ಟನಡುವೆ, ಮಾರುತಿಯ ಕಲ್ಲಿಗೆ ಬಳಿಯುವ ಕೇಸರಿ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಅಂಗೈಯಗಲ ದಪ್ಪಗೆ ಬರೆದ ‘ಶ್ರೀ’.

“ಏನ್ ಮಾಡಿದ್ರಿ ಕುಸುಮತಾಯಿ ಇದು!”

“ಪೂಜಾ ಮಾಡಿದೆ,” ಎಂದರು ಹಿರಿಯ ನರ್ಸ್ ಕುಸುಮತಾಯಿ, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ. “ಬಿ.ಪಿ. ಯಂತ್ರಕ್ಕ ಮಾಡಿದೆ, ಆಪರೇಶನ್ ಕತ್ತರಿಗೆ ಮಾಡಿದೆ. ನಿಮ್ಮ ಪ್ಲೇಟ್ ಏನು ಪಾಪ ಮಾಡಿತ್ತು?”

ಮುಕುಂದ ಒರೆಸುವ ಬಟ್ಟೆಗೆ ಕೈ ಚಾಚಿದ.

“ಕೈ ಹಚ್ಚಿದರ ನೋಡ್ರಿ ಮತ್ತ! ದಸರಾ ಮುಗಿಯೋ ತನಕ ದೇವರ ಹೆಸರು ಒರಸ್ತಾರೇನು? ಹೋದ ವರ್ಷ ಲಿಫ್ಟಿನ ಕುಂಕುಮ ಒರಸಿದ್ರಿ. ಏನಾತು? ಡಾಕ್ಟರ್ ಸಾಹೇಬ್ರು ಎರಡು ತಾಸು ಒಳಗ ಸಿಕ್ಕೊಂಡು ನಿಂತಿದ್ರು.”

ಆ ಲಿಫ್ಟಿನ ಮಾತು ಬಂದರೆ ಆಸ್ಪತ್ರೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಮುಕುಂದನೂ ಬಟ್ಟೆ ಕೆಳಗಿಟ್ಟ. ಆದರೆ ಪ್ಲೇಟಿನ ಮೇಲೆ ತೆಂಗಿನ ನೀರು ಸಿಡಿದಿದೆಯೇ ಎಂದು ಬಗ್ಗಿ ಬಗ್ಗಿ ನೋಡಿದ.

ಕಾರಣವಿತ್ತು. ಅವನು ಆ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷಗಳಿಂದ ಹಂಗಾಮಿ ಎಕ್ಸ್‌ರೇ ತಂತ್ರಜ್ಞ. ಹಂಗಾಮಿಯಾಗಿಯೇ ಮದುವೆಯಾದ, ಹಂಗಾಮಿಯಾಗಿಯೇ ಎರಡು ಮಕ್ಕಳ ತಂದೆಯಾದ, ತಲೆಗೂದಲು ಮಾತ್ರ ಕಾಯಂ ಆಗಿ ಹೋಯಿತು. ಒಂದು ತಿಂಗಳ ಹಿಂದೆ ತಂತಿಯಿಲ್ಲದ ಈ ಹೊಸ ಪ್ಲೇಟು ಬಂದಾಗ ಡಾಕ್ಟರ್ ಹಸಬನೀಸರು ಮಾತು ಕೊಟ್ಟಿದ್ದರು: “ಪೋತನೀಸ, ಒಂದು ತಿಂಗಳು ಈ ಯಂತ್ರದ ಒಂದು ತಕರಾರೂ ನನ್ನ ಕಿವಿಗೆ ಬೀಳಬಾರದು. ದಸರಾ ದಿನ ನಿನ್ನ ಕಾಯಂ ಆದೇಶಕ್ಕ ಸಹಿ ಹಾಕ್ತೀನಿ.”

ಅಂದಿನಿಂದ ಮುಕುಂದ ಆ ಪ್ಲೇಟನ್ನು ಹಸುಗೂಸಿನಂತೆ ಎತ್ತಿಕೊಂಡು ಓಡಾಡುತ್ತಿದ್ದ. ನೋಡಲು ಶಾಲೆಯ ಪಾಟಿಯಷ್ಟೇ ತೆಳ್ಳಗೆ. ರೋಗಿಯ ಬೆನ್ನ ಕೆಳಗೆ ತೂರಿಸಿ ಗುಂಡಿ ಒತ್ತಿದರೆ ಒಳಗಿನ ಚಿತ್ರ ಗಾಳಿಯಲ್ಲೇ ಹಾರಿ ಪರದೆಯ ಮೇಲೆ ಬಂದು ಕೂರುತ್ತಿತ್ತು. ಪುಣೆಯಿಂದ ಬಂದ ಕಂಪನಿಯ ಎಂಜಿನಿಯರು ಹದಿನೇಳು ನಿಯಮ ಬರೆಸಿಹೋಗಿದ್ದ. ಬೀಳಿಸಬಾರದು, ನೀರು ತಾಗಿಸಬಾರದು, ಬಿಳಿ ಮುಖವೇ ಮೇಲಿರಬೇಕು, ನೂರೈವತ್ತು ಕಿಲೋಗಿಂತ ಹೆಚ್ಚು ಭಾರ ಹೇರಬಾರದು, ಸಂಜೆಯಾದರೆ ಬ್ಯಾಟರಿ ಚಾರ್ಜಿಗೆ ಇಡಬೇಕು. ಸಿಂಧೂರದ ಸುದ್ದಿ ಹದಿನೇಳರಲ್ಲಿ ಎಲ್ಲೂ ಇರಲಿಲ್ಲ. ನಿಯಮ ಬರೆದವರು ಕೊರಿಯಾದವರು. ಅವರಿಗೆ ಕುಸುಮತಾಯಿ ಗೊತ್ತಿರಲಿಲ್ಲ.

‘ಬಣ್ಣ ತಾನೆ,’ ಎಂದು ಮುಕುಂದ ಸಮಾಧಾನ ಮಾಡಿಕೊಂಡ. ‘ಎಕ್ಸ್‌ರೇಗೆ ಬಣ್ಣ ಎಲ್ಲಿ ಕಾಣುತ್ತದೆ?’ ಬ್ಯಾಟರಿ ಚಾರ್ಜಿಗೆ ಇಟ್ಟು, ಪ್ಲೇಟನ್ನು ಚಿತ್ರ ತೆಗೆಯುವಾಗಲೂ ಬಿಚ್ಚದ ಅದರ ತೆಳು ಬಟ್ಟೆಯ ಚೀಲಕ್ಕೆ ಸೇರಿಸಿ, ದೀಪ ಆರಿಸಿ, ಮನೆಗೆ ಹೋದ.

ದಸರೆಯ ಬೆಳಗ್ಗೆ ಒಂಬತ್ತಕ್ಕೆ ಆಬಾಸಾಹೇಬ ಕಣಸೆ ಎದೆ ಹಿಡಿದುಕೊಂಡು ಬಂದರು. ಅವರು ಹಾಲಿನ ಸಂಘದ ಅಧ್ಯಕ್ಷರು. ಹಾಲಿಗೆ ನೀರು ಬೆರೆಸುತ್ತಾರೆ ಎಂದು ಊರು ಹೇಳುತ್ತಿತ್ತು. ಇಲ್ಲ, ನೀರಿಗೆ ಹಾಲು ಬೆರೆಸುತ್ತಾರೆ ಎಂದು ಅವರ ಹೆಂಡತಿ ಮಂಗಲವಹಿನಿ ತಿದ್ದುತ್ತಿದ್ದರು. ಹಬ್ಬವೆಂದು ಬೆಳಗ್ಗೆ ಎದ್ದವರೇ ಹನ್ನೊಂದು ಪೂರಿ, ಮೂರು ಬಟ್ಟಲು ಶ್ರೀಖಂಡ ಮುಗಿಸಿದ್ದರು. ತೂಕದ ಯಂತ್ರ ನೂರ ಮೂವತ್ತೆರಡು ತೋರಿಸಿತು.

“ನಿಧಾನ ಸಾಹೇಬ, ನಿಧಾನ!” ಮುಕುಂದ ವಾರ್ಡಿನ ಹಾಸಿಗೆಯ ಪಕ್ಕ ಗಾಲಿಯ ಎಕ್ಸ್‌ರೇ ಯಂತ್ರ ನಿಲ್ಲಿಸುತ್ತ ಬೇಡಿಕೊಂಡ. “ದೊಪ್ಪಂತ ಬೀಳಬ್ಯಾಡ್ರಿ. ಕೆಳಗ ಪ್ಲೇಟ್ ಅದ.”

“ನನ್ನ ಜೀವಾ ಹೊಂಟದ, ನಿನಗ ಪ್ಲೇಟಿನ ಚಿಂತಿ!” ಆಬಾಸಾಹೇಬರು ದೊಪ್ಪನೆ ಬಿದ್ದರು.

ಪ್ಲೇಟು ತಡೆಯಿತು. ಮುಕುಂದ ಸೀಸದ ಏಪ್ರನ್ ಕಟ್ಟಿಕೊಂಡ, ಎಲ್ಲರನ್ನೂ ಬಾಗಿಲಾಚೆ ಕಳಿಸಿದ, ತಾನೂ ಆರಡಿ ದೂರ ಸರಿದು ಗುಂಡಿ ಒತ್ತಿದ. ಎರಡು ಕ್ಷಣದಲ್ಲಿ ಚಿತ್ರ ಬಂತು. ಪಕ್ಕೆಲುಬು ಬಂತು, ಶ್ವಾಸಕೋಶ ಬಂತು, ಆಬಾಸಾಹೇಬರ ದೊಡ್ಡ ಹೃದಯ ಬಂತು. ಹೃದಯದ ಮೇಲೆ, ಅಚ್ಚ ಬಿಳಿಯ ಬಣ್ಣದಲ್ಲಿ, ಕನ್ನಡಿಯಷ್ಟು ಸ್ಪಷ್ಟವಾಗಿ ‘ಶ್ರೀ’ ಬಂತು.

ಮುಕುಂದನ ಕೈ ತನ್ನ ಏಪ್ರನ್ನಿನ ಮೇಲಿತ್ತು. ಆಗ ಹೊಳೆಯಿತು. ಈ ಏಪ್ರನ್ ಎಕ್ಸ್‌ರೇಯನ್ನು ತಡೆಯುವುದು ಒಳಗೆ ಸೀಸ ಇರುವುದರಿಂದ. ಆ ಕೇಸರಿ ಸಿಂಧೂರವೂ ಸೀಸವೇ. ಹದಿನಾಲ್ಕು ವರ್ಷ ಸೀಸ ಹೊತ್ತವನಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ. ಪರದೆ ಆರಿಸಬೇಕು ಎನ್ನುವಷ್ಟರಲ್ಲಿ ಬೆನ್ನ ಹಿಂದೆ ಮಂಗಲವಹಿನಿಯ ಉಸಿರು ಕೇಳಿಸಿತು.

“ಅಯ್ಯಯ್ಯ! ಇವರ ಎದಿಯೊಳಗ... ಶ್ರೀ ಅದ!”

“ವಹಿನಿ, ಅದು ಏನಂದ್ರ—”

“ಬರ್ರಿ, ಎಲ್ಲಾರೂ ಬರ್ರಿ!”

ಎಲ್ಲರೂ ಬಂದರು. ಕುಸುಮತಾಯಿ ಬಂದು ಕೈ ಮುಗಿದರು. ಪ್ಲೇಟಿನ ಮೇಲೆ ತಾವೇ ಬರೆದದ್ದು ಅವರಿಗೆ ನೆನಪಿರಲಿಲ್ಲವೆಂದಲ್ಲ. ತಾವು ಬರೆದ ದೇವರು ಹೋಗಿ ಎದೆಯೊಳಗೇ ಕೂತನೆಂದು ಅವರಿಗೆ ಇನ್ನೂ ಹೆಮ್ಮೆಯಾಯಿತು. ಆಬಾಸಾಹೇಬರ ನೋವು ನಿಂತುಹೋಯಿತು. ಅವರು ದಿಂಬಿಗೆ ಒರಗಿ ಕೂತು ಗಂಭೀರವಾಗಿ ಹೇಳಿದರು: “ನನಗ ಮೊದಲಿಂದಲೂ ಅನಸ್ತಿತ್ತು. ಒಳಗ ಏನೋ ಭಾರ ಅದ ಅಂತ.”

ಯಾರೋ ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದರು. ಅರ್ಧ ಗಂಟೆಯಲ್ಲಿ ಮೆಟ್ಟಿಲ ತುಂಬ ಜನ. ಹಬ್ಬದ ಬಂಗಾರವೆಂದು ಹಂಚುವ ಆಪಟೆ ಎಲೆಗಳನ್ನು ತಂದು ಆಬಾಸಾಹೇಬರ ಕಾಲ ಬಳಿ ಸುರಿದರು. ನಿನ್ನೆಯವರೆಗೆ ಅವರ ಹಾಲನ್ನು ಬೈಯುತ್ತಿದ್ದವರೇ ಅವರು ಕುಡಿದ ಲೋಟದಲ್ಲಿ ಉಳಿದ ನೀರನ್ನು ತೀರ್ಥವೆಂದು ಕೇಳಿದರು.

ಮುಕುಂದ ನಿಜ ಹೇಳಿದರೆ ಮೂವತ್ತನೆಯ ದಿನ ತಕರಾರು, ಆದೇಶ ಗಾಳಿಗೆ. ಹೇಳದಿದ್ದರೆ ಡಾಕ್ಟರು ಬಂದು ನೋಡಿ ಯಂತ್ರ ಕೆಟ್ಟಿದೆ ಎನ್ನುತ್ತಾರೆ, ಆಗಲೂ ಗಾಳಿಗೆ. ಉಳಿದ ದಾರಿ ಒಂದೇ, ಒರೆಸುವುದು. ಮುಕುಂದ ಪ್ಲೇಟನ್ನು ಎದೆಗವಚಿಕೊಂಡು ಎಕ್ಸ್‌ರೇ ಕೋಣೆಗೆ ಓಡಿದ. ಅಲ್ಲಿ ಲೆಕ್ಕಪತ್ರದ ಸಾಠೆಯವರು ಅಂಗಿ ಬಿಚ್ಚಿಕೊಂಡು ತಯಾರಾಗಿ ನಿಂತಿದ್ದರು.

“ಸಾಠೆಯವರ, ಚೀಟಿ ಇಲ್ಲದ ತಗಿಯೂದಿಲ್ಲ.”

“ಚೀಟಿ ಅದ. ಕೆಮ್ಮಿಗೆ ಅಂತ ಹೋದ ವಾರ ಸಾಹೇಬ್ರು ಬರದದ್ದು. ಮುಹೂರ್ತ ನೋಡಿ ಬಂದೀನಿ. ತಗೀ.”

ಚೀಟಿ ಸರಿಯಿತ್ತು. “ಒರಸಿ ತಗೀತೀನಿ” ಎಂದು ಮುಕುಂದ ಬಾಯಿ ತೆರೆಯುವ ಮೊದಲೇ ಕುಸುಮತಾಯಿ ಬಾಗಿಲಲ್ಲಿ ಕಾವಲು ನಿಂತಿದ್ದರು. ಸಾಠೆಯವರು ಪ್ಲೇಟಿಗೆ ಎದೆಯೊತ್ತಿ ನಿಂತು ಉಸಿರು ಬಿಗಿಹಿಡಿದರು. ಚಿತ್ರ ಬಂತು. ಮಲಗಿದ ಆಬಾಸಾಹೇಬರಿಗೆ ಪ್ಲೇಟು ಬೆನ್ನ ಹಿಂದೆ, ನಿಂತ ಸಾಠೆಯವರಿಗೆ ಎದೆಯ ಮುಂದೆ. ಹಾಗಾಗಿ ಇವರ ಶ್ರೀ ಉಲ್ಟಾ ಬಂದಿತ್ತು.

“ನಿಮ್ಮೊಳಗ ದೇವರು ಬೆನ್ನು ತಿರುಗಿಸಿ ಕೂತಾನ ಸಾಠೆಯವರ,” ಎಂದರು ಕುಸುಮತಾಯಿ. “ಹೋದ ತಿಂಗಳು ನನ್ನ ರಜಾ ಕೊಯ್ದಿರಲ್ಲ, ಅದಕ್ಕ.”

“ಏ ಏ, ಹಂಗಲ್ಲ! ಆಬಾಸಾಹೇಬರದು ಮಂದಿಗೆ ತೋರಸಲಿಕ್ಕೆ. ನನ್ನದು ಒಳಗಿಂದ ನಾನ ಓದ್ಕೊಳಲಿಕ್ಕೆ ಬರದದ್ದು!”

ಇಬ್ಬರೂ ಜಗಳಕ್ಕೆ ಬಿದ್ದರು. ಅದೇ ಸಮಯವೆಂದು ಮುಕುಂದ ಪ್ಲೇಟು ಹಿಡಿದು ಸಾಮಾನಿನ ಕೋಣೆಗೆ ನುಗ್ಗಿ ಒಳಗಿಂದ ಚಿಲಕ ಹಾಕಿಕೊಂಡ. ಚೀಲ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿದರೆ ಸಿಂಧೂರ ಹೋಗಲಿಲ್ಲ, ಹರಡಿತು. ನೀರು ಹಾಕುವಂತಿಲ್ಲ. ಕೊನೆಗೆ ಕಪಾಟಿನಲ್ಲಿ ಕುಸುಮತಾಯಿಯ ತಲೆಗೆಣ್ಣೆಯ ಬಾಟಲಿ ಸಿಕ್ಕಿತು. ಎಣ್ಣೆ ಹಚ್ಚಿ ಉಜ್ಜಿದ. ಜಾರಿತು. ಎಣ್ಣೆಗೈಯಿಂದ ಪ್ಲೇಟು ಜಾರಿ ನೆಲದತ್ತ ಹೊರಟಿತು. ಮುಕುಂದ ಅದಕ್ಕಿಂತ ಮೊದಲು ತಾನೇ ನೆಲಕ್ಕೆ ಬಿದ್ದು ಅದನ್ನು ತೊಡೆಯ ಮೇಲೆ ಹಿಡಿದ. ಸೊಂಟ ಲಟಕ್ ಎಂದಿತು. ಪ್ಲೇಟಿಗೆ ಏನೂ ಆಗಲಿಲ್ಲ. ಕಂಪನಿಯ ಬಟ್ಟೆಯಿಂದ ಹತ್ತು ಸಲ ಒರೆಸಿ, ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ಕಲೆಯಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

ಹೊರಬಂದರೆ ಡಾಕ್ಟರ್ ಹಸಬನೀಸರು ಎದುರಿಗೇ ನಿಂತಿದ್ದರು.

“ಪೋತನೀಸ, ಮಂದಿ ದೇವರು ಅಂತಾರ. ನನಗ ಬಿಳೇ ಡಾಗು ಕಾಣಸ್ತದ. ಯಂತ್ರ ಕೆಟ್ಟದೇನು?”

“ಇಲ್ಲ ಸಾಹೇಬ, ದೇವರಾಣಿಗೂ ಇಲ್ಲ!”

“ನೋಡೇ ಬಿಡೋಣು. ಹೆಂಗೂ ನನ್ನ ವರ್ಷದ ತಪಾಸಣಿ ಉಳದದ. ಎದುರಿಂದ ಒಂದು, ಪಕ್ಕದಿಂದ ಒಂದು ತಗೀ.”

ಎದುರಿನದು ತೆಗೆದ. ಚಿತ್ರ ಹಾಲಿನಷ್ಟು ಸ್ವಚ್ಛ. ಆಬಾಸಾಹೇಬರ ಹಾಲಲ್ಲ, ನಿಜವಾದ ಹಾಲು. ಡಾಕ್ಟರು ಪರದೆಯನ್ನು ಒಂದು ನಿಮಿಷ ನೋಡಿದರು. ಆಮೇಲೆ ದೊಡ್ಡದೊಂದು ನಿಟ್ಟುಸಿರು ಬಿಟ್ಟರು. “ಮೂವತ್ತೈದು ವರ್ಷ ಮಂದಿ ಸೇವಾ ಮಾಡಿ ಮಾಡಿ, ಕಡೀಗೆ ನನ್ನ ಎದಿ ಹಿಂಗಾತು ನೋಡು,” ಎಂದರು. “ನೀ ಪಕ್ಕದ ಚಿತ್ರಕ್ಕ ತಯಾರಿ ಮಾಡು. ಕೋಣಿಗೆ ಹೋಗಿ ಬರ್ತೀನಿ.”

ಅವರು ಹೊರಟ ಕೂಡಲೇ ಕುಸುಮತಾಯಿಯೂ ಸಾಠೆಯವರೂ ಒಳಗೆ ನುಗ್ಗಿದರು.

“ಕೇಳಿದ್ರಿಲ್ಲ?” ಸಾಠೆಯವರು ಪಿಸುಗುಟ್ಟಿದರು. “ಸಾಹೇಬ್ರ ಮನಸಿಗೆ ಪೆಟ್ಟು ಬಿದ್ದದ. ಆ ಹಾಲಿನ ಕಳ್ಳನ ಎದಿಯೊಳಗ ಶ್ರೀ ಇರಬೇಕು, ಇವರ ಎದಿ ಖಾಲಿ ಇರಬೇಕು?”

“ಉಲ್ಟಾನಾದರೂ ಸಾಠೆಯವರಿಗೆ ಸಿಕ್ಕದ,” ಎಂದರು ಕುಸುಮತಾಯಿ. “ಇಂಥ ಮುಖಾ ಇಟ್ಕೊಂಡು ಸಾಹೇಬ್ರು ನಿಮ್ಮ ಆದೇಶಕ್ಕ ಸಹಿ ಹಾಕ್ತಾರೇನು, ಮುಕುಂದರಾವ್?”

“ಹಂಗಂದ್ರ ಏನ್ ಮಾಡ್ಲಿ ತಾಯಿ?”

ಕುಸುಮತಾಯಿ ಸೊಂಟದಿಂದ ಸಿಂಧೂರದ ಡಬ್ಬಿ ತೆಗೆದು ಮುಂದೆ ಹಿಡಿದರು.

ಮುಕುಂದ ಬೇಡವೆಂದು ತಲೆಯಾಡಿಸಿದ. ಹದಿನಾಲ್ಕು ವರ್ಷ ನೆನಪಾಯಿತು, ಹೆಂಡತಿ ನೆನಪಾದಳು. ಹೆಬ್ಬೆರಳು ತಾನಾಗಿಯೇ ಡಬ್ಬಿಯೊಳಗೆ ಇಳಿಯಿತು. ತಾನೇ ಬೆವರು ಸುರಿಸಿ ಒರೆಸಿದ ಜಾಗದಲ್ಲಿ ತಾನೇ ಮತ್ತೆ ಶ್ರೀ ಬರೆದ. ಈ ಸಲ ನಿಂತವರಿಗೂ ನೆಟ್ಟಗೆ ಬರಲಿ ಎಂದು ಉಲ್ಟಾ ಬರೆಯುವ ಬುದ್ಧಿಯೂ ಅವನಿಗೆ ಬಂತು. ಮೇಲೆ ಚೀಲ ತೊಡಿಸಿದ.

ಡಾಕ್ಟರು ಒಂದು ಲಕೋಟೆ ಹಿಡಿದು ಬಂದು, ಅದನ್ನು ಮೇಜಿನ ಮೇಲಿಟ್ಟು, ಪಕ್ಕ ತಿರುಗಿ ಕೈಯೆತ್ತಿ ನಿಂತರು. ಗುಂಡಿ ಒತ್ತಿದ. ಪರದೆಯಲ್ಲಿ ಝಗಝಗ ಶ್ರೀ. ಬಾಗಿಲಲ್ಲಿ ನೆರೆದವರೆಲ್ಲ ಜಯಕಾರ ಹಾಕಿದರು.

ಡಾಕ್ಟರು ಪರದೆ ನೋಡಲಿಲ್ಲ. ಮುಕುಂದನ ಕೈ ನೋಡಿದರು.

“ಬೆರಳು ತೋರಸು.”

ಕೇಸರಿ ಹೆಬ್ಬೆರಳು ಹೊರಗೆ ಬಂತು. ಅದರ ಹಿಂದೆಯೇ ಪೂಜೆ, ಸೀಸ, ತಲೆಗೆಣ್ಣೆ, ನಿಟ್ಟುಸಿರು ಎಲ್ಲವೂ ಹೊರಬಂದವು. “ತಪ್ಪು ನಂದು ಸಾಹೇಬ. ಯಂತ್ರ ಬಂಗಾರದಂಥಾದ್ದು.”

“ಎಲ್ಲೆಲ್ಲಿಯ ಮಂದಿ ನೀವು! ಹೃದಯ ದೊಡ್ಡದಾಗೇದ, ಇನ್ನ ಶ್ರೀಖಂಡ ಬಂದ್ ಅಂತ ನಿಟ್ಟುಸಿರು ಬಿಟ್ಟೆ. ದೇವರಿಲ್ಲ ಅಂತ ಅಲ್ಲೋ!” ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂತು ನಕ್ಕರು. “ಹಂಗಾದರ ಕಣಸೆ ಎದಿಯೊಳಗ ಇದ್ದದ್ದೂ ಇದ ಸಿಂಧೂರ?”

“ನನಗ ಸಂಶಯ ಇತ್ತು,” ಎಂದರು ಬಾಗಿಲಲ್ಲಿದ್ದ ಮಂಗಲವಹಿನಿ, ಮುಗಿದ ಕೈ ಬಿಡಿಸಿಕೊಳ್ಳುತ್ತ. “ಮೂವತ್ತು ವರ್ಷ ಆ ಎದಿಯೊಳಗ ಇಣುಕಿ ಇಣುಕಿ ನೋಡೀನಿ. ಅಲ್ಲಿ ಯಾರೂ ಇರಲಿಲ್ಲ.”

ಡಾಕ್ಟರು ಕಣ್ಣೊರೆಸಿಕೊಂಡು ಲಕೋಟೆ ಎತ್ತಿದರು. “ಮೊದಲನೇ ಚಿತ್ರ ಸ್ವಚ್ಛ ಬಂತಲ್ಲ, ಆವಾಗನ ಹೋಗಿ ಸಹಿ ಹಾಕಿ ತಂದೆ. ನಾ ಷರತ್ತು ಹಾಕಿದ್ದು ಯಂತ್ರಕ್ಕ. ಯಂತ್ರದ್ದು ತಪ್ಪಿಲ್ಲ. ನಾ ಮಾತಿಗೆ ತಪ್ಪೋ ಮನಷ್ಯಾ ಅಲ್ಲ. ತಗೋ. ಈ ಕ್ಷಣದಿಂದ ನೀ ಕಾಯಂ.”

ಮುಕುಂದ ಅವರ ಕಾಲಿಗೆ ಬಿದ್ದ. ಸಾಠೆಯವರು ಅವನನ್ನು ತಬ್ಬಿಕೊಂಡರು. ಅವನು ಆದೇಶವನ್ನು ಮೂರು ಸಲ ಓದಿದ. ಮೂರನೆಯ ಸಲ ಓದಿ ತಲೆಯೆತ್ತಿದಾಗ ಡಾಕ್ಟರು ಇನ್ನೊಂದು ಕಾಗದದ ಮೇಲೆ ಏನೋ ಬರೆಯುತ್ತಿದ್ದರು.

“ಇದಕ್ಕೂ ಒಂದು ಸಹಿ ಹಾಕು, ಮುಟ್ಟಿತು ಅಂತ.”

“ಇದೇನು ಸಾಹೇಬ?”

“ಅಮಾನತು. ಒಂದು ತಿಂಗಳು. ಸಾಹೇಬನ ಎದಿಯೊಳಗ ಸಿಂಧೂರ ಹಚ್ಚಿದ್ದಕ್ಕ. ಹದಿನಾಲ್ಕು ವರ್ಷ ಬೈದು ಬಿಡ್ತಿದ್ದೆ, ಯಾಕಂದ್ರ ಹಂಗಾಮಿ ಮನಷ್ಯಾಗ ಅಮಾನತು ಮಾಡಲಿಕ್ಕೆ ನಮ್ಮ ನಿಯಮದಾಗ ಬರೂದಿಲ್ಲ. ಈಗ ಬರ್ತದ.”

ಮುಕುಂದ ಎರಡೂ ಕಾಗದಗಳನ್ನು ಎರಡು ಕೈಯಲ್ಲಿ ಹಿಡಿದು ನಿಂತ. ಒಮ್ಮೆ ಇದನ್ನು, ಒಮ್ಮೆ ಅದನ್ನು ಓದಿ ಕೇಳಿದ. “ಸಾಹೇಬ, ಒಂದು ತಿಂಗಳು ನಾ ಮನಿಯೊಳಗ ಕೂತರ ಇಲ್ಲಿ ಎಕ್ಸ್‌ರೇ ಯಾರು ತಗೀತಾರ? ಈ ಪ್ಲೇಟ್ ಹಿಡಿಯಲಿಕ್ಕೆ ಬರೋ ಮನಷ್ಯಾ ನಮ್ಮಲ್ಲಿ ಇನ್ನೊಬ್ಬ ಇಲ್ಲ.”

“ಅದನ್ನೂ ವಿಚಾರ ಮಾಡೀನಿ,” ಎಂದರು ಡಾಕ್ಟರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. “ನೀನ ತಗೀತಿ. ನಾಳಿಂದ ಬಾ. ಹಂಗಾಮಿ ಅಂತ.”