ನಾನು ಪಾಸು ಮಾಡಿದ ಕಾರು

ನನ್ನದು ಹುಟ್ಟಾ ಹೆದರುವ ಸ್ವಭಾವ. ಮನೆಗೆ ಬೀಗ ಹಾಕಿ ಬೀದಿ ಕೊನೆಯವರೆಗೆ ಹೋದವನು ತಿರುಗಿ ಬಂದು ಬೀಗ ಎಳೆದು ನೋಡುತ್ತೇನೆ. ಇಂಥವನನ್ನು ಹುಡುಕಿ ಇನ್ಸ್‌ಪೆಕ್ಷನ್ ಕೆಲಸಕ್ಕೆ ಇಟ್ಟುಕೊಂಡಿತ್ತು ಮಾಲೂರಿನ ಒಂದು ಕಂಪನಿ. ಎಂಬತ್ತರ ದಶಕದ ಮಾತು. ಸುತ್ತ ಹೆಂಚಿನ ಕಾರ್ಖಾನೆಗಳು, ನಡುವೆ ನಮ್ಮ ತಗಡಿನ ಶೆಡ್ಡು. ಶ್ರೀಮಂತರ ಪರದೇಶದ ಕಾರುಗಳು ಇನ್ನೂ ಜೋರಾಗಿ ಓಡಲೆಂದು ದೊಡ್ಡ ಕಾರ್ಬುರೇಟರ್ ಕೂರಿಸುವ ಸಾಮಾನು, ಗುಡುಗುವ ಸೈಲೆನ್ಸರು ಮಾಡಿ ಜೋಡಿಸುತ್ತಿದ್ದೆವು. ನಾನೋ, ಇಳಿಜಾರು ಬಂದರೆ ಸೈಕಲ್ಲಿನಿಂದಲೂ ಇಳಿದು ತಳ್ಳಿಕೊಂಡು ಹೋಗುವವನು. ಆದರೂ ನನ್ನ ಸಹಿಯಿಲ್ಲದೆ ಯಾವ ಕಾರೂ ಗೇಟು ದಾಟುವಂತಿರಲಿಲ್ಲ.

ಒಂದು ದಿನ ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರರಾದ ಚೌಡರೆಡ್ಡಿಯವರು ತಮ್ಮ ಕಾರನ್ನು ಒಯ್ಯಲು ಬಂದರು. ಜೊತೆಗೆ ವಯಸ್ಸಾದ ತಾಯಿ, ಡ್ರೈವರ್ ಬಾಷಾ. "ಬೇಗ ಸಹಿ ಹಾಕಯ್ಯ, ರಾಹುಕಾಲ ಬಂದ್ಬಿಡ್ತದೆ" ಎಂದು ರೆಡ್ಡಿಯವರು ಗಡಿಯಾರ ನೋಡಿದರು. ಅಜ್ಜಿ ಹಿಂದಿನ ಸೀಟಿನಿಂದ "ಪೋದಾಂ ರಾ ನಾಯನಾ" ಎಂದು ತೆಲುಗಿನಲ್ಲಿ ಮಗನನ್ನು ಹೊರಡಲು ಕರೆದರು. ತಪಾಸಣೆ ಪಟ್ಟಿಯ ಎಲ್ಲ ಸಾಲಿಗೂ ಗಬಗಬನೆ ಗುರುತು ಹಾಕಿ ಸಹಿ ಗೀಚಿದೆ. ಕಾರು ಗುರ್ರೆಂದು ಹೊರಟುಹೋಯಿತು.

ಅರ್ಧ ಗಂಟೆಯ ಮೇಲೆ ಫಿಟ್ಟರ್ ಮುನಿವೆಂಕಟಪ್ಪ ಬೆರಳುದ್ದದ ಒಂದು ಸ್ಪ್ರಿಂಗು ಹಿಡಿದು ಬಂದ. ಕಾಲು ತೆಗೆದಾಗ ಆಕ್ಸಿಲರೇಟರನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗು ಅದು. ಅದಿಲ್ಲದಿದ್ದರೆ ಕಾಲು ತೆಗೆದರೂ ಇಂಜಿನ್ನು ಓಡುತ್ತಲೇ ಇರುತ್ತದೆ.

"ಏನ್ಲಾ ಮಾಡ್ದೆ!" ಎಂದೆ.

"ಮರ್ತಿದ್ದೆ ಸಾರ್. ನೀವು ನೋಡಿ ಸಹಿ ಹಾಕಿದ್ರಲ್ಲ, ಅದಕ್ಕೇ ಹಾಕಿರ್ತೀನಿ ಅಂದ್ಕೊಂಡೆ" ಎಂದ.

ಮಂಡಿಗೆ ಟ್ರಂಕ್ ಕಾಲ್ ಬುಕ್ ಮಾಡಿದರೆ ಲೈನು ಸಿಗಲಿಲ್ಲ. ಸ್ಪ್ರಿಂಗು ಜೇಬಿಗಿಳಿಸಿ ಕೋಲಾರದ ಬಸ್ಸು ಹತ್ತಿದೆ. ರಸ್ತೆಬದಿಯಲ್ಲಿ ನಾಲ್ಕು ಜನ ನಿಂತಿದ್ದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಒಂದು ಕಡೆ ತಡೆಯಲಾರದೆ ಕಿಟಕಿಯಿಂದ "ಏನಾಯ್ತ್ರೀ ಅಲ್ಲಿ?" ಎಂದು ಕೂಗಿದೆ. ಟೊಮೇಟೊ ಲಾರಿ ಪಂಕ್ಚರಾಗಿತ್ತಂತೆ. ಕೋಲಾರದಲ್ಲಿ ಶ್ರೀನಿವಾಸಪುರದ ಬಸ್ಸಿಗೆ ಬದಲಾಯಿಸಿದಾಗ ಪಕ್ಕದಲ್ಲಿ ಕೂತ ರೈತರೊಬ್ಬರು, "ಆಗ್ಲೇ ಒಂದು ಕಾರು ಬಂತು ನೋಡಿ, ಹುಚ್ಚು ಹಿಡಿದಂಗೆ" ಎಂದರು. "ಆಮೇಲೆ?" ಎಂದೆ. "ಆಮೇಲೇನು, ಧೂಳು" ಎಂದರು. ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ತಪ್ಪು ಒಪ್ಪಿಕೊಂಡುಬಿಡಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದೆ. ಹೇಗೆ ಜೋಡಿಸಿದರೂ ಮೊದಲಿಗೆ ಮುನಿವೆಂಕಟಪ್ಪನ ಹೆಸರೇ ಬಂದು ಕೂರುತ್ತಿತ್ತು.

ಮಂಡಿಯ ಅಂಗಳದಲ್ಲಿ ಕಾರು ಇಡಿಯಾಗಿ ನಿಂತಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಅಲ್ಲೇ ಒಂದು ಬುಟ್ಟಿಯ ಮೇಲೆ ಕೂತೆ. ರೆಡ್ಡಿಯವರು ಖುಷಿಯಾಗಿ, "ಏನು ಪಿಕಪ್ಪಯ್ಯಾ! ಬಾಷಾ ಕಾಲೆತ್ತಿದ್ರೂ ಓಡ್ತಾನೇ ಇತ್ತಂತೆ!" ಎಂದರು. ಬಾಷಾ ಹತ್ತಿರ ಬಂದು ಮೆಲ್ಲಗೆ, "ಕೋಲಾರ ದಾಟಿದ ಮೇಲೆ ಕೀ ಆಫ್ ಮಾಡಿ ಹೆಂಗೋ ನಿಲ್ಲಿಸಿದೆ ಸಾಬ್. ಸ್ಪ್ರಿಂಗ್ ಬದಲು ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದೀನಿ. ಅಜ್ಜಿ ಹೆದರ್ತಾರೆ ಅಂತ ಪಿಕಪ್ ಜಾಸ್ತಿ ಅಂತಷ್ಟೇ ಹೇಳಿದೀನಿ" ಎಂದ.

ಸುಮ್ಮನಿದ್ದರೆ ನಡೆಯುತ್ತಿತ್ತು. ಆದರೆ ಅಜ್ಜಿ "ಮುಖ ಬಾಡಿದೆ, ನೀರು ಕುಡಿಯಪ್ಪ" ಎಂದು ಚೊಂಬು ಕೊಟ್ಟಾಗ ತಡೆಯಲಾಗಲಿಲ್ಲ. ಸ್ಪ್ರಿಂಗು ತೆಗೆದು ತೋರಿಸಿ, "ನೋಡದೆ ಸಹಿ ಹಾಕಿದೆ. ತಪ್ಪು ನನ್ನದೇ" ಎಂದೆ. ರೆಡ್ಡಿಯವರ ನಗು ನಿಂತಿತು. ಒಮ್ಮೆ ತಾಯಿಯ ಕಡೆ ನೋಡಿದರು. "ಹಾಕು. ನಾನು ನೋಡ್ತಾ ನಿಂತಿರ್ತೀನಿ" ಎಂದರು. ಬಾಷಾ ಕಟ್ಟಿದ್ದ ಟ್ಯೂಬು ಬಿಚ್ಚಿ ಸ್ಪ್ರಿಂಗು ಹಾಕಿದೆ. "ಈಗ ನೀನೇ ಇದರಲ್ಲಿ ಕೂತು ಕೋಲಾರಕ್ಕೆ ಹೋಗು" ಎಂದರು. ಬಸ್ಸಿದೆ ಎಂದೆ, ಕೇಳಲಿಲ್ಲ.

ಹತ್ತುವ ಮೊದಲು ಬಾಷಾನ ತೋಳು ಹಿಡಿದು, "ಒಂದು ಸಲ ಎಲ್ಲಾ ನೋಡಿಬಿಡಪ್ಪ" ಎಂದೆ.

"ಈಗ ತಾನೇ ನೀವೇ ನೋಡಿದ್ರಲ್ಲ ಸಾಬ್?"

"ಅದಕ್ಕೇ ಕಣಯ್ಯ ಹೇಳ್ತಿರೋದು" ಎಂದೆ.