ಎಂಟು ಫೂಟು ಬಿಡ್ರಿ ಅಂದ್ರೆ

ಸೇಡಂ ರಸ್ತೆಯಲ್ಲಿ ಹದಿನಾಲ್ಕು ವರ್ಷದಿಂದ ನರ್ಸರಿ ಇಟ್ಟಿದ್ದೇನೆ. ಗುಲಾಬಿ, ಮಲ್ಲಿಗೆ, ನಿಂಬೆ ಒಯ್ದವರು ಒಯ್ದು ಸುಮ್ಮನಾಗುತ್ತಾರೆ. ದೊಡ್ಡ ಪಾಮ್ ಗಿಡ ಒಯ್ದವರ ಮನೆಯಲ್ಲಿ ಮಾತ್ರ ಏನಾದರೊಂದು ಆಗದೇ ಬಿಡುವುದಿಲ್ಲ. ಕಂಬದ ಹಾಗೆ ನೆಟ್ಟಗೆ ಏರಿ ತುದಿಯಲ್ಲಿ ಗರಿ ಬಿಚ್ಚುವ ಗಿಡ ಅದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಂಟು ಫೂಟಾದರೂ ಬಿಡಬೇಕು. ಇದನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ. ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ ಮೂರು ಫೂಟಿಗೊಂದು ಹಚ್ಚಿಸುತ್ತಾರೆ.

ನನ್ನ ಜೊತೆ ತಗ್ಗು ತೋಡುವ ಮುದುಕ ಒಬ್ಬ ಇದ್ದಾನೆ, ಎಲ್ಲರೂ ಮುತ್ಯಾ ಅನ್ನುತ್ತಾರೆ. ಮೊದಲು ಫರಸಿ ಖಣಿಯಲ್ಲಿ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು ಎಬ್ಬಿಸುತ್ತಿದ್ದವನು. ಮಾತು ಕಡಿಮೆ. ಆಡಿದರೆ ನನ್ನ ಗಿರಾಕಿ ಓಡಿಹೋಗುವಂಥದ್ದನ್ನೇ ಆಡುತ್ತಾನೆ.

೧. ಒಂದು ಕೈ ಅಂತರ

ಸೇಡಂನ ಒಬ್ಬ ರಿಟೈರ್ಡ್ ಹೆಡ್‌ಮಾಸ್ತರರಿಗೆ ಆರು ಪಾಮ್ ಬೇಕಾಗಿದ್ದವು. ನಾವು ಗಿಡ ತಗೊಂಡು ಹೋಗುವಷ್ಟರಲ್ಲಿ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಆರು ಕಡೆ ಗುರುತು ಹಾಕಿ ನಿಂತಿದ್ದರು. ನೋಡಿದರೆ ಗುರುತುಗಳು ಒಂದಕ್ಕೊಂದು ತಗಲುವಷ್ಟು ಹತ್ತಿರ.

"ಸರ್, ಭಾಳ ಹತ್ರ ಆತ್ರಿ" ಅಂದೆ.

"ಮೂವತ್ತು ವರ್ಷ ಮಕ್ಕಳಿಗಿ ಪ್ರಾರ್ಥನಾಕ್ಕ ನಿಲ್ಲಿಸೀನಿ. ಒಂದು ಕೈ ಅಂತರ ಸಾಕು."

"ಮಕ್ಕಳು ಸಂಜಿಕ್ಕ ಮನಿಗಿ ಹೋಗ್ತಾರ್ರಿ ಸರ್. ಇವು ಹೋಗಂಗಿಲ್ಲ" ಅಂದ ಮುತ್ಯಾ.

ಮಾಸ್ತರರು ಕೇಳಲಿಲ್ಲ. ಹಚ್ಚಿದೆವು. ತಿಂಗಳೊಳಗೆ ನಾಲ್ಕನೆಯದರ ಗರಿ ಎಲ್ಲ ಒಣಗಿ ಜೋತುಬಿದ್ದವು. ನನಗೆ ಕೆಟ್ಟೆನಿಸಿತು. ಬೇರೆ ಗಿಡ ತಂದು ಕೊಡುತ್ತೇನೆ, ಇದನ್ನು ಕಿತ್ತುಬಿಡೋಣ ಅಂದೆ. ಮಾಸ್ತರರು ಗಿಡಕ್ಕೆ ಅಡ್ಡ ನಿಂತರು.

"ನಾ ಯಾವ ಹುಡುಗನ ಹೆಸರೂ ಹಾಜರಿ ಪುಸ್ತಕದಾಗ ಅಷ್ಟು ಜಲ್ದಿ ಹೊಡದು ಹಾಕಿದಾಂವ ಅಲ್ರಿ. ಇರ್ಲಿ, ನೋಡೋಣ."

ಮುಂಜಾನೆ ಒಂದು ಕೊಡ, ಸಂಜೆ ಒಂದು ಕೊಡ ನೀರು. ಮಧ್ಯಾಹ್ನದ ಬಿಸಿಲಿಗೆ ತಮ್ಮ ಧೋತರ ಕಟ್ಟಿ ನೆರಳು ಮಾಡಿದರು. ಓಣಿಯ ಮಂದಿ ನಕ್ಕರು. ಎರಡೂವರೆ ತಿಂಗಳಾದ ಮೇಲೆ ಒಂದು ಮುಂಜಾನೆ ಮಾಸ್ತರರ ಫೋನ್ ಬಂತು. ದನಿ ನಡುಗುತ್ತಿತ್ತು. ಯಾರಿಗೋ ಏನೋ ಆಗಿದೆ ಅಂದುಕೊಂಡೆ.

"ಅಕ್ಕೋರೆ, ನಾಕನೇದು ಸುಳಿ ಬಿಟ್ಟದ!"

ಓಡಿಹೋದೆ. ಒಣಗಿದ ಕಾಂಡದ ನೆತ್ತಿಯಲ್ಲಿ ಬೆರಳುದ್ದ ಹಸಿರು ನಿಂತಿತ್ತು. ಮಾಸ್ತರರು ಕಾಣಲಿಲ್ಲ, ಪೇಢೆ ತರಲು ಹೋಗಿದ್ದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಏನ್ ಹೇಳ್ಲಿ ಯವ್ವಾ, ಮೊದಲ ಆ ಗಿಡದ ಮುಂದ ನಿಂತು ಅತ್ರು. ಆಮ್ಯಾಲ ಕಣ್ಣು ಒರಸ್ಕೊಂಡು, 'ಇಷ್ಟು ದಿನ ಎಲ್ಲಿ ಹೋಗಿದ್ಯೋ ಮಗನ' ಅಂತ ಬೈದ್ರು!"

೨. ತಗ್ಗು ಸಾಕು

ಶಹಾಬಾದದಲ್ಲಿ ಮೇಲೆ ಗೇಣುದ್ದ ಮಣ್ಣು, ಕೆಳಗೆಲ್ಲ ಕಲ್ಲು. ಅಲ್ಲಿ ಒಬ್ಬ ಕಿರಾಣಿ ಅಂಗಡಿಯವರು ಹೊಸ ಮನೆಯ ಮುಂದೆ ನಾಲ್ಕು ದೊಡ್ಡ ಪಾಮ್ ಸಾಲಾಗಿ ಬೇಕೆಂದರು. ಮುತ್ಯಾ ಹಾರೆ ಹಾಕಿದ. ಎರಡನೇ ಏಟಿಗೇ 'ಠಣ್' ಅಂತು. ಆ ಹೊತ್ತಿಗೆ ಕ್ರೇನು ಗಿಡವನ್ನು ಎತ್ತಿ ಹಿಡಿದಾಗಿತ್ತು. ಬೇರಿನ ಉಂಡೆಗೆ ಗೋಣಿ ಸುತ್ತಿಕೊಂಡು ಪಾಮ್ ಗಿಡ ಗಾಳಿಯಲ್ಲಿ ತೂಗಾಡುತ್ತಿತ್ತು. ಓಣಿ ಓಣಿಯೇ ಕತ್ತೆತ್ತಿ ನಿಂತಿತ್ತು. ಕ್ರೇನಿನವನು ಗಳಿಗೆಗೊಮ್ಮೆ ಹಾರ್ನ್ ಹೊಡೆಯುತ್ತಿದ್ದ.

ಯಜಮಾನರು ಬೆವರಿದರು. "ಬ್ಯಾಡ ಬಿಡ್ರಿ, ಕುಂಡದಾಗ ಸಣ್ಣದೊಂದು ಇಡೋಣ."

ಅಷ್ಟರಲ್ಲಿ ಮುತ್ಯಾ ತಗ್ಗಿನಲ್ಲಿ ಕೂತು ಉಳಿಯಿಂದ ಮೆಲ್ಲಗೆ ತಟ್ಟುತ್ತ, ಹಳೇ ಕೈ ಅಲ್ಲವೇ, ಹಪ್ಪಳ ಬಿಡಿಸಿದ ಹಾಗೆ ಒಂದು ಫರಸಿ ಎಬ್ಬಿಸಿದ. ಚೂರೂ ಒಡೆದಿರಲಿಲ್ಲ. ಅದನ್ನು ನೋಡಿ ಯಜಮಾನರ ಹೆಂಡತಿ ಒಳಗಿಂದ ಟೇಪು ಹಿಡಿದು ಓಡಿಬಂದರು. ಅಳತೆ ಮಾಡಿದರು.

"ಯಪ್ಪಾ, ಅಡಗಿ ಮನಿ ಕಟ್ಟಿಗಿ ಬರೋಬ್ಬರಿ ಅದ! ಹಿಂಗೇ ಇನ್ನೆರಡು ತೆಗಿ. ದೇವರ ಮನಿಗೊಂದು, ಬಚ್ಚಲಕ್ಕೊಂದು."

ಸಂಜೆಯೊಳಗೆ ನಾಲ್ಕು ಗಿಡ ನಿಂತವು, ಗೋಡೆಗೆ ಒರಗಿ ಹನ್ನೊಂದು ಫರಸಿಯೂ ನಿಂತವು. ಮರುದಿನ ಅದೇ ಓಣಿಯಿಂದ ಮೂವರು ಹೆಂಗಸರು ನರ್ಸರಿಗೆ ಬಂದರು. ತಮ್ಮ ಮನೆಗೂ ಪಾಮ್ ಹಚ್ಚಬೇಕಂತೆ. ಯಾವ ಜಾತಿ ಬೇಕು, ಎಷ್ಟು ಎತ್ತರದ್ದು ಬೇಕು ಅಂತ ಕೇಳಿದೆ. ಒಬ್ಬರನ್ನೊಬ್ಬರು ನೋಡಿಕೊಂಡರು.

"ಗಿಡ ಇಲ್ಲಂದ್ರೂ ನಡೀತದ್ರಿ. ಮುತ್ಯಾನ ಕೈಲಿ ತಗ್ಗು ಒಂದು ಹೊಡಸ್ರಿ, ಸಾಕು."

೩. ಬೆಳ್ಳಿ ಜಾತಿ

ವಾಡಿಯಲ್ಲಿ ರೈಲ್ವೆ ನೌಕರರೊಬ್ಬರ ಮನೆಗೆ ಐದು ಪಾಮ್ ಹಚ್ಚಿದ್ದೆ. ಅವರ ಮನೆ ಮುಂದೆಯೇ ರಸ್ತೆ ಕೆಲಸ ಶುರುವಾಯಿತು. ತಿಂಗಳೊಪ್ಪತ್ತಿನಲ್ಲಿ ಐದೂ ಗಿಡ ಧೂಳು ಹೊತ್ತು ಬೂದಿ ಬಡಿದುಕೊಂಡಂತಾದವು. ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಹುಡುಕಿಕೊಂಡು ನರ್ಸರಿಗೆ ಬಂದಳು.

"ಆ ಬೆಳ್ಳಿ ಬಣ್ಣದ ಜಾತಿ ನನಗೂ ಬೇಕ್ರಿ."

"ಅದು ಧೂಳು ತಂಗಿ. ಜಾತಿ ಇದೇ, ಹಸಿರು."

"ಹಂಗ ಹೇಳಿ ಅವ್ರಿಗೊಬ್ರಿಗೇ ಕೊಡಬ್ಯಾಡ್ರಿ ಅಕ್ಕೋರೆ. ನಾವೇನು ಹೊರಗಿನವ್ರೇನು?"

ಆಣೆ ಮಾಡಿ ಹೇಳಿದರೂ ನಂಬಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಹಸಿರಿನವೇ ಮೂರು ಒಯ್ದಳು. ವಾರ ಕಳೆಯಿತು. ಮೊದಲ ಮಳೆ ಜೋರಾಗಿ ಹೊಡೆಯಿತು. ಮಳೆ ನಿಂತು ಅರ್ಧ ತಾಸಾಗಿಲ್ಲ, ಅವಳ ಫೋನು. ದನಿಯಲ್ಲಿ ಸಕ್ಕರೆ.

"ಅಕ್ಕೋರೆ, ನೀವು ನನಗ ಅದನ್ನ ಕೊಡದಿದ್ದೇ ಛಲೋ ಆತು ನೋಡ್ರಿ. ಅವ್ರ ಬೆಳ್ಳಿ ಜಾತಿ ಒಂದೇ ಮಳಿಗಿ ಕೆಟ್ಟು ಹೋತು!"

೪. ಬದಲಿ

ಚಿತ್ತಾಪುರದ ಒಬ್ಬ ಇಂಜಿನಿಯರ್ ಸಾಹೇಬರು ಗೇಟಿನ ಎಡಕ್ಕೊಂದು ಬಲಕ್ಕೊಂದು ಪಾಮ್ ಹಚ್ಚಿಸಿದರು. ಬುಡ ದಪ್ಪ ಆಗುತ್ತದೆ, ಸ್ವಲ್ಪ ಅತ್ತ ಸರಿಸೋಣ ಅಂದೆ. ಲೆಕ್ಕ ನಮಗೆ ಹೇಳಬ್ಯಾಡ್ರಿ, ಕಾರು ಹೋಗ್ಲಿಕ್ಕೆ ಒಂದೂವರೆ ಫೂಟು ಹೆಚ್ಚಿಗೇ ಬಿಟ್ಟೀವಿ ಅಂದರು.

ನಾಲ್ಕು ವರ್ಷಕ್ಕೆ ಗಿಡಗಳು ಮಡಕೆ ಹೊಟ್ಟೆ ಬಿಟ್ಟವು. ಕಾರಿನ ಕನ್ನಡಿ ಮಡಚಿ ಒಳಗೆ ಹೋಗತೊಡಗಿದರು. ಆಮೇಲೆ ಸಣ್ಣ ಕಾರು ತಗೊಂಡರು. ಹೋದ ವರ್ಷ ನೋಡಿದರೆ ಸಾಹೇಬರು ಸ್ಕೂಟರ್ ಮೇಲೆ ಬರುತ್ತಿದ್ದಾರೆ.

"ಸಾಹೇಬ್ರೆ, ಒಂದು ಗಿಡ ತೆಗೆದುಬಿಡೋಣ್ರಿ" ಅಂದೆ.

"ಛೇ ಛೇ, ಎಂಥಾ ಛಂದ ಬೆಳೆದಾವ!" ಅಂದರು.

ಪಕ್ಕದಲ್ಲಿದ್ದ ಮುತ್ಯಾ ಒಮ್ಮೆ ಸ್ಕೂಟರನ್ನೂ ಒಮ್ಮೆ ಗಿಡವನ್ನೂ ನೋಡಿದ.

"ಸಾಹೇಬ್ರ, ಮುಂದಿನ ವರ್ಷಕ್ಕ ಸೈಕಲ್ ಒಂದು ನೋಡಿಟ್ಟಿರ್ರಿ."

೫. ಗ್ವಾಡಿ

ಚಿಂಚೋಳಿ ಕಡೆಯ ಹಳ್ಳಿಯೊಂದರಿಂದ ವಯಸ್ಸಾದ ಆಯಿ ಒಬ್ಬಳು ಸುಲೇಪೇಟದಲ್ಲಿ ಬಸ್ಸು ಬದಲಿಸಿಕೊಂಡು ನನ್ನ ನರ್ಸರಿಗೆ ಬಂದಳು. ಏಳು ಪಾಮ್ ಬೇಕು, ಅಂಗಳದ ಗೋಡೆಗುಂಟ ಹಚ್ಚಬೇಕು ಅಂದಳು.

ಹೋಗಿ ನೋಡಿದಾಗ ವಿಷಯ ತಿಳಿಯಿತು. ಆಯಿಗೆ ಇಬ್ಬರು ಗಂಡುಮಕ್ಕಳು. ಟ್ರ್ಯಾಕ್ಟರ್ ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಜಗಳವಾಗಿ, ಒಂದೇ ಅಂಗಳದ ನಡುವೆ ಆಳೆತ್ತರದ ಕಲ್ಲು ಮಣ್ಣಿನ ಗೋಡೆ ಎಬ್ಬಿಸಿದ್ದರು. ಮಾತು ಬಂದ್. ಆಯಿ ಈ ಮಗನ ಮನೆಯಲ್ಲಿ ಉಂಡು, ಬೀದಿ ಸುತ್ತು ಹಾಕಿ, ಆ ಮಗನ ಮನೆಯ ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಕು. ಮೊಣಕಾಲು ನೋವು ಬೇರೆ.

ಆಯಿ ಗೋಡೆಯ ಬುಡದಲ್ಲೇ ಕೋಲು ಊರಿ ಜಾಗ ತೋರಿಸಿದಳು. ಏಳೂ ಗಿಡಕ್ಕೆ ನಡುವೆ ಎರಡೇ ಫೂಟು.

"ಆಯಿ, ಇದು ಸರಿ ಅಲ್ಲ. ಗಿಡ ದಪ್ಪ ಆಗ್ತಾವ, ಬೇರು ಒತ್ತತಾವ. ಗ್ವಾಡಿ ಉಳಿಯಂಗಿಲ್ಲ."

ಆಯಿ ಆ ಕಡೆ ಈ ಕಡೆ ನೋಡಿ, ದನಿ ಇಳಿಸಿ ಕೇಳಿದಳು:

"ಎಷ್ಟು ವರ್ಷದಾಗ ಬೀಳ್ತದ?"

"ಅಡಿಪಾಯ ಇಲ್ಲದ ಗ್ವಾಡಿ. ಐದಾರು ವರ್ಷ..."

"ಇನ್ನಾ ಜರಾ ಹತ್ರ ಹಚ್ಚು ಯವ್ವಾ. ಅಷ್ಟು ದಿನ ನಾ ಇರಬೇಕಲ್ಲ."

ಮುತ್ಯಾ ಗುರುತಿಗಿಂತ ಒಂದು ಗೇಣು ಗೋಡೆಯ ಕಡೆಗೆ ಸರಿಸಿ ತಗ್ಗು ತೋಡಿದ.

ಆಯಿ ನೀರು ಹಾಕಿದ್ದೇ ಹಾಕಿದ್ದು. ಗಿಡಕ್ಕೆ ಒಂದು ಕೊಡ, ಗೋಡೆಯ ಬುಡಕ್ಕೆ ಎರಡು ಕೊಡ. ಇಬ್ಬರು ಮಕ್ಕಳೂ "ಅವ್ವಗ ಗಿಡದ ಮ್ಯಾಲ ಎಷ್ಟು ಮಾಯಾ ಮಮತಾ" ಅಂತ ಊರಲ್ಲಿ ಹೇಳಿಕೊಂಡು ತಿರುಗಿದರು. ನಾಲ್ಕನೇ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ, ಯಾರೂ ಹತ್ತಿರವಿಲ್ಲದ ಹೊತ್ತಿನಲ್ಲಿ ಗೋಡೆ ಧಡ್ ಅಂತ ಉರುಳಿತು. ಸದ್ದಿಗೆ ಅಣ್ಣ ಈ ಕಡೆಯಿಂದ, ತಮ್ಮ ಆ ಕಡೆಯಿಂದ "ಅವ್ವ ಎಲ್ಲಿ?" ಅಂತ ಕೂಗುತ್ತ ಓಡಿಬಂದರು. ಎದುರಾಬದುರು ನಿಂತರು. ನಡುವೆ ಮೊಣಕಾಲುದ್ದ ಮಣ್ಣು ಅಷ್ಟೇ.

"ಅವ್ವ ನಿನ್ನ ಕಡಿ ಅದಾಳೇನು?" ಅಂದ ಅಣ್ಣ. ಎಷ್ಟೋ ವರ್ಷಕ್ಕೆ ಆಡಿದ ಮೊದಲ ಮಾತು.

"ಇಲ್ಲೇ ಅದಾಳ. ಕಟ್ಟಿ ಮ್ಯಾಲ ಕುಂತು ಚಾ ಕುಡಿಲಿಕತ್ತಾಳ."

ಗೋಡೆ ಮತ್ತೆ ಏಳಲಿಲ್ಲ. ಈ ಯುಗಾದಿ ಆದ ಮೇಲೆ ಅಣ್ಣ ತಮ್ಮ ಇಬ್ಬರೂ ಒಂದೇ ಮೋಟರ್ ಸೈಕಲ್ ಮೇಲೆ ನರ್ಸರಿಗೆ ಬಂದರು. ನನಗೆ ಸಂತೋಷ. ಕುಂದ್ರಿ ಅಂದೆ, ಚಾ ತರಿಸಿದೆ. ಇಬ್ಬರೂ ಬಹಳ ಸಂಕೋಚದಲ್ಲಿದ್ದರು.

"ಅಕ್ಕೋರೆ, ನಡುವಿನ ಒಂದು ಗಿಡ ತೆಗೀಬೇಕಾಗಿತ್ತು."

"ಯಾಕ್ರಿ, ಮತ್ತ ಜಗಳ ಏನು?"

"ಇಲ್ರಿ, ಸಂಜಿಮುಂದ ಅಂಗಳದಾಗ ಎರಡೂ ಮನಿಯವ್ರು ಕೂಡಿ ಕ್ರಿಕೆಟ್ ಆಡ್ತೀವಿ. ಆ ಗಿಡಗಳೇ ಸ್ಟಂಪು. ಏಳೂ ಕೂಡಿ ಗ್ವಾಡಿ ಆದಂಗ ಆಗ್ಯಾವ. ಎಲ್ಲಿ ಒಗದ್ರೂ ಔಟು" ಅಂದ ತಮ್ಮ.

"ನಾ ಈ ತಿಂಗಳದಾಗ ಒಂದು ರನ್ನೂ ಹೊಡದಿಲ್ರಿ" ಅಂದ ಅಣ್ಣ. ವಯಸ್ಸು ನಲವತ್ತೈದು, ಮೀಸೆ ನರೆತಿದೆ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಯಿಯನ್ನು ಕೇಳದೆ ಗಿಡ ಮುಟ್ಟುವುದು ಬೇಡ ಅಂತ ಅಲ್ಲಿಂದಲೇ ಫೋನು ಹಚ್ಚಿಸಿದೆ. ವಿಷಯ ಹೇಳಿದೆ. ಆ ಕಡೆಯಿಂದ ಆಯಿ ಅಂದಳು:

"ಒಂದೂ ತೆಗೀಬ್ಯಾಡ ಯವ್ವಾ. ನಡುವಿನ ಸಂದಿನಾಗ ಇನ್ನೆರಡು ತಂದು ಹಚ್ಚು. ಮತ್ತ ಸಿಟ್ಟು ಬಂತಂದ್ರ ಗ್ವಾಡಿ ಕಟ್ಟಾಕ ಈ ಮಬ್ಬುಗಳಿಗಿ ಜಾಗಾನೇ ಇರಬಾರ್ದು!"