ನಿರ್ವಾಣಯ್ಯನ ಹಿತ್ತಲ ಬಾಗಿಲು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಸೋರೆಕಾಯಿ. ಅದು ಇನ್ನು ಸ್ವಲ್ಪ ಚಿಕ್ಕದಾಗಿದ್ದಿದ್ದರೆ ತಿಮ್ಮಪ್ಪ ಚೀಲಕ್ಕೆ ಹಾಕಿಕೊಂಡು ತೆಪ್ಪಗೆ ಮನೆಗೆ ಹೋಗುತ್ತಿದ್ದ. ಚೀಲಕ್ಕೆ ಹಿಡಿಸಲಿಲ್ಲ. ನಿದ್ದೆಹೋದ ಮಗುವನ್ನು ಎತ್ತಿಕೊಂಡವನ ಹಾಗೆ ಅದನ್ನು ಹೆಗಲ ಮೇಲೆ ಮಲಗಿಸಿಕೊಂಡು ಹೊಳೆನರಸೀಪುರದ ಪೇಟೆಬೀದಿಯ ಉದ್ದಕ್ಕೂ ನಡೆದ. ಕೇಳಿದವರಿಗೆಲ್ಲ ಹೇಳಿದ. ಕೇಳದವರನ್ನು ನಿಲ್ಲಿಸಿಕೊಂಡು ಹೇಳಿದ.

"ನಮ್ಮ ನಿರ್ವಾಣಿ ಹಿತ್ತಲದು ಕಣ್ರಪ್ಪಾ! ಊರಿನ ಬಳ್ಳಿಯೆಲ್ಲ ಒಣಗಿ ಹಗ್ಗ ಆಗವೆ, ಇವನ ಹಿತ್ತಲಲ್ಲಿ ಇಂಥವು ಬಿಡ್ತವೆ. ಕೈಗುಣ ಅಂದ್ರೆ ಅದು!"

ಆ ಹೊತ್ತಿಗೆ ಹೋಟೆಲಿನಿಂದ ಮೂತಿ ಒರೆಸಿಕೊಳ್ಳುತ್ತ ಹೊರಗೆ ಬಂದವರು ವ್ಯವಸಾಯದ ಇನ್ಸ್‌ಪೆಕ್ಟರು ಚಂದ್ರಶೇಖರಯ್ಯ. ಯುದ್ಧದ ಕಾಲ. ಅಕ್ಕಿಗೆ ತತ್ವಾರ, ಸೀಮೆಎಣ್ಣೆಗೆ ತತ್ವಾರ. ಮನೆಮನೆಯ ಹಿತ್ತಲಲ್ಲೂ ತರಕಾರಿ ಬೆಳೆಸಿ ಎಂದು ಸರ್ಕಾರ ಅವರನ್ನು ಊರೂರು ಸುತ್ತಿಸುತ್ತಿತ್ತು. ಆ ವರ್ಷ ಅವರು ಹೋದಲ್ಲೆಲ್ಲ ಕಂಡದ್ದು ಬಿರುಕುಬಿಟ್ಟ ಪಾತಿಗಳು ಮಾತ್ರ. ಅವರು ಸೋರೆಕಾಯಿಯನ್ನು ಕಣ್ತುಂಬ ನೋಡಿ, "ಆ ಹಿತ್ತಲು ಎಲ್ಲಿದೆ? ಈಗಲೇ ನೋಡಬೇಕು," ಎಂದರು.

ನಿರ್ವಾಣಯ್ಯನಿಗೆ ಇದು ಯಾವುದೂ ಗೊತ್ತಿಲ್ಲ. ಅವನು ಜಗಲಿಯ ಮೇಲೆ ಚಾಪೆ ಹಾಸಿ, ತಟ್ಟೆಯಲ್ಲಿ ಎಲೆಯಡಿಕೆ ಇಟ್ಟು, ಯಾರಾದರೂ ಬರುತ್ತಾರೆಂದು ಕಾಯುತ್ತಿದ್ದ.

ಅವನ ಕತೆ ಸ್ವಲ್ಪ ಹೇಳಬೇಕು. ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದೇ ತಲೆ ನರೆತವನು. ಮಕ್ಕಳಿಲ್ಲ. ಹೆಂಡತಿ ಗುರುಸಿದ್ದಮ್ಮ ತೀರಿಕೊಂಡ ಮೇಲೆ ಬೀದಿಯವರು ಕೆಲವು ದಿನ ಬಂದು ಹೋದರು, ಆಮೇಲೆ ಅವರವರ ಕೆಲಸ ಅವರವರಿಗೆ. ಮನೆಯಲ್ಲಿ ಗೋಡೆಯ ಹಲ್ಲಿ ಬಿಟ್ಟರೆ ಲೊಚಗುಟ್ಟುವವರು ಇಲ್ಲ. ಒಂದು ಸಂಜೆ ಅವನು ಅಡಿಗೆಮನೆಯಲ್ಲಿ ನಿಂತು, "ಕಾಫಿ ಕುಡೀತೀರಾ?" ಎಂದು ಗುರುಸಿದ್ದಮ್ಮನ ಹಾಗೆ ಗಟ್ಟಿಯಾಗಿ ಕೇಳಿ, "ಬ್ಯಾಡ, ಈಗಿನ್ನೂ ಆಯ್ತು," ಎಂದು ತಾನೇ ಉತ್ತರ ಕೊಟ್ಟು, ತನ್ನ ದನಿಗೆ ತಾನೇ ಬೆಚ್ಚಿಬಿದ್ದ.

ಗುರುಸಿದ್ದಮ್ಮ ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿಟ್ಟಿದ್ದ ಬೀಜಗಳಿದ್ದವು. ಗೋಡೆಗೆ ಸುಣ್ಣ ಬಳಿಯುವಾಗ ಅವನ್ನು ಕಿತ್ತು, ಎಸೆಯಲು ಮನಸ್ಸಾಗದೆ ಹಿತ್ತಲಲ್ಲಿ ಊರಿದ. ಎರಡು ವರ್ಷದ ಹಿಂದಿನ ಮಾತದು; ಆಗ ಮಳೆ ಹದವಾಗಿ ಬಂತು. ಸೋರೆ ಚಪ್ಪರ ಮುಚ್ಚಿತು, ಕುಂಬಳ ಸೂರಿನ ಮೇಲೆ ಹತ್ತಿ ಹೆಂಚು ಎಣಿಸತೊಡಗಿತು. ಹೀರೆ, ಬದನೆ, ಬೆಂಡೆ ಒಂದರ ಮೇಲೊಂದು ಬಂದವು. ಒಬ್ಬ ಮನುಷ್ಯ ಎಷ್ಟು ತಿಂದಾನು? ಕರೆದು ಕರೆದು ಕೊಟ್ಟ. ತರಕಾರಿಗೆ ಬಂದವರು ಕೂತರು. ಕೂತವರು ಮಾತಾಡಿದರು. ತಿಮ್ಮಪ್ಪ ತನ್ನ ದಾಯಾದಿಗಳ ವ್ಯಾಜ್ಯವನ್ನು ದಿನಕ್ಕೊಂದು ಅಧ್ಯಾಯದಂತೆ ಹೇಳಿದ. ಪಕ್ಕದ ಮನೆಯ ಸುವರ್ಣಮ್ಮ ಬದನೆಕಾಯಿ ಆರಿಸುತ್ತ ಸೊಸೆಯ ಅವಗುಣಗಳನ್ನೂ ಆರಿಸಿ ಆರಿಸಿ ಹೇಳಿದಳು. ನಿರ್ವಾಣಯ್ಯನ ಜಗಲಿ ಮತ್ತೆ ಜಗಲಿಯಾಯಿತು.

ಮರುವರ್ಷ ಮಳೆ ಹೆಚ್ಚಾಗಿ ಹೂವೆಲ್ಲ ಕೊಳೆತವು. ಬರುವವರು ಕಡಿಮೆಯಾದರು. ಈ ವರ್ಷ ಮಳೆಯೇ ಇಲ್ಲ. ಬಾವಿಯ ತಳದ ಕಲ್ಲು ಕಂಡಿತು. ಹೊಳೆಯಿಂದ ನೀರು ಹೊರಲು ಮಂಡಿ ಒಪ್ಪಲಿಲ್ಲ. ಬಳ್ಳಿ ಒಣಗಿದ ವಾರವೇ ಜಗಲಿಯೂ ಒಣಗಿತು. ತಿಮ್ಮಪ್ಪ ಬೀದಿಯ ಆಚೆ ಬದಿಯಲ್ಲೇ ಹಾದುಹೋಗಿ, "ಏನ್ಲಾ ನಿರ್ವಾಣಿ, ಚಂದಾಗಿದೀಯಾ?" ಎಂದು ಉತ್ತರಕ್ಕೆ ನಿಲ್ಲದೆ ಹೋದ.

ಆಗ ನಿರ್ವಾಣಯ್ಯನಿಗೆ ಹೊಳೆದದ್ದು ಹಳ್ಳಿಮೈಸೂರಿನ ಸಂತೆ. ವಾರವಾರ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಹೋಗುವುದು, ಏರು ಬಂದಲ್ಲಿ ಎಲ್ಲರ ಜೊತೆ ಇಳಿದು ಬಸ್ಸು ತಳ್ಳುವುದು, ಸಂತೆಯಲ್ಲಿ ತೋಟದ ಮುದ್ದಮ್ಮನ ಹತ್ತಿರ ಮೂಟೆ ತರಕಾರಿ ಕೊಳ್ಳುವುದು. ಬರುವಾಗ ಊರಿಗೆ ಮುಂಚೆಯೇ ಹುಣಸೆಮರದ ಹತ್ತಿರ ಇಳಿದು, ಓಣಿಯಲ್ಲಿ ಸುತ್ತಿ ಹಿತ್ತಲ ಕಡೆಯಿಂದ ಮನೆ ಸೇರುವುದು. ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸಿ, "ಈಗಷ್ಟೇ ಕಿತ್ತೆ," ಎನ್ನುವುದು. ಜಗಲಿ ಮತ್ತೆ ತುಂಬಿತು. ಹಿತ್ತಲ ಬಾಗಿಲು ಮಾತ್ರ ಸದಾ ಮುಚ್ಚಿರುತ್ತಿತ್ತು.

ಈಗ ಆ ಬಾಗಿಲ ಕಡೆಗೆ ಇನ್ಸ್‌ಪೆಕ್ಟರು ಬರುತ್ತಿದ್ದರು. ಅವರ ಹಿಂದೆ ತಿಮ್ಮಪ್ಪ, ತಿಮ್ಮಪ್ಪನ ಹಿಂದೆ ಬೀದಿ.

"ಸಾಹೇಬ್ರು ಬಂದವ್ರೆ ಕಣ್ಲಾ, ಏಳು ಮ್ಯಾಕೆ! ನಿನ್ನ ತ್ವಾಟ ನೋಡ್ಬೇಕಂತೆ. ಸರ್ಕಾರದಿಂದ ಬಹುಮಾನ ಕೊಡ್ಸಿದ್ರೂ ಕೊಡ್ಸಾರು!" ಎಂದ ತಿಮ್ಮಪ್ಪ, ಬಹುಮಾನ ತನಗೇ ಬಂದ ಹಾಗೆ.

ನಿರ್ವಾಣಯ್ಯನ ಬಾಯಿಂದ ಎಲೆಯಡಿಕೆ ಹಾಗೇ ಜಾರಿತು. "ಕೀ... ಕೀಲಿಕೈ ಕಳೆದೋಗ್ಯದೆ," ಎಂದ.

"ಅದಕ್ಕೆ ಬೀಗ ಎಲ್ಲೈತೆ ಅಣ್ಣಯ್ಯ? ಬರೀ ಚಿಲಕ ಅಲ್ವಾ?" ಎಂದಳು ಸುವರ್ಣಮ್ಮ.

"ಅಂಗಲ್ಲ, ಒಳಗೆ ಹಾವು ಬಂದದೆ. ನಾಗರಹಾವು. ಬೆಳಿಗ್ಗೆ ಕಂಡೆ."

ಹೀಗೆಂದರೆ ಜನ ಹಿಂದಕ್ಕೆ ಸರಿಯುತ್ತಾರೆಂದು ಅವನ ಎಣಿಕೆ. ಆದರೆ ಹಾವೆಂದ ಮೇಲೆ ಬೀದಿಯಲ್ಲಿ ಉಳಿದಿದ್ದವರೂ ನೋಡಲು ಬಂದರು. ತಿಮ್ಮಪ್ಪ ದೊಣ್ಣೆ ತಂದ. ಸುವರ್ಣಮ್ಮ ಹೊಡೆಯಬೇಡಿರೆಂದು ಬೈದು ಬಟ್ಟಲಲ್ಲಿ ಹಾಲು ತಂದಳು. ನಡುಮನೆ ಸಂತೆಯಾಯಿತು.

ನಿರ್ವಾಣಯ್ಯ ಓಡಿಹೋಗಿ ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಒಣಹಾಕಿದ ಅಂಗಿಯ ಹಾಗೆ ನಿಂತ. ಹೇಳಲು ಇನ್ನೇನೂ ತೋಚಲಿಲ್ಲ. ಒಂಟಿಯಾಗಿ ಇದ್ದು ಇದ್ದು ಆದ ಅಭ್ಯಾಸ, ಬಾಯಿಗೆ ಬಂದದ್ದು ಹೊರಟುಹೋಯಿತು.

"ಬ್ಯಾಡ ಸ್ವಾಮೀ, ಅವಳು ಬೈತಾಳೆ!"

ತಿಮ್ಮಪ್ಪ ಎತ್ತಿದ ದೊಣ್ಣೆ ಇಳಿಸಿದ.

"ಯಾರು?" ಎಂದರು ಇನ್ಸ್‌ಪೆಕ್ಟರು.

"ನಮ್ಮ... ಗುರುಸಿದ್ದಿ," ಎಂದ ನಿರ್ವಾಣಯ್ಯ ನೆಲ ನೋಡುತ್ತ.

ಸುವರ್ಣಮ್ಮ ಬಟ್ಟಲು ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದಳು. ಇನ್ಸ್‌ಪೆಕ್ಟರು ಸರ್ಕಾರದವರು. ಹೆದರಿದರೂ ಹೆದರಿದಂತೆ ಕಾಣಬಾರದು. ಮುಂದೆ ಬಂದು, ನಿರ್ವಾಣಯ್ಯನನ್ನು ಮೆಲ್ಲಗೆ ಸರಿಸಿ ಚಿಲಕ ತೆಗೆದರು.

ಹಿತ್ತಲಲ್ಲಿ ಒಂದು ಹಸಿರೆಲೆಯೂ ಇರಲಿಲ್ಲ. ಬರಿಯ ಚಪ್ಪರ ಎಲುಬಿನಂತೆ ನಿಂತಿತ್ತು. ಪಾತಿಗಳು ಒಡೆದ ಹಪ್ಪಳದ ಹಾಗೆ ಬಾಯಿ ಬಿಟ್ಟಿದ್ದವು. ಆ ಬೂದಿಬಣ್ಣದ ನೆಲದ ನಡುವೆ, ಬಾಗಿಲ ಪಕ್ಕದಲ್ಲಿ, ಕುಂಬಳ, ಹೀರೆ, ಬದನೆ, ಸೌತೆ ರಾಶಿಯಾಗಿ ಬಿದ್ದು, ಬೆಳಗಿನ ನೀರು ಇನ್ನೂ ಆರದೆ ಫಳಫಳ ಹೊಳೆಯುತ್ತಿದ್ದವು.

"ಬಳ್ಳಿ ಇಲ್ಲ... ಕಾಯಿ ಐತೆ!" ಎಂದಳು ಸುವರ್ಣಮ್ಮ. ಮರುಕ್ಷಣ ಬಟ್ಟಲು ಕೆಳಗಿಟ್ಟು ಅಡ್ಡಬಿದ್ದಳು. "ನಮ್ಮವ್ವಾ, ಗುರುಸಿದ್ದವ್ವಾ! ಬದುಕಿದ್ದಾಗ ನಿನ್ನ ಕೂಡ ಬಚ್ಚಲ ನೀರಿಗೆ ಜಗಳ ಆಡ್ದೆ, ತಪ್ಪಾಯ್ತು ಕಣವ್ವಾ!"

"ಅಯ್ಯೋ, ಏಳಮ್ಮ!" ಎಂದು ಕೂಗಿದ ನಿರ್ವಾಣಯ್ಯ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅವನಿಗೆ ಒಂದು ಬಗೆಯ ಹಗುರವೂ ಆಯಿತು. "ಇದು ಸಂತೆಯದು. ಹಳ್ಳಿಮೈಸೂರು ಸಂತೇಲಿ ಕೊಂಡ್ಕೊಂಡು ಬಂದೆ. ಪ್ರತಿ ವಾರಾನೂ ಅಂಗೇ."

ತಿಮ್ಮಪ್ಪ ಅವನ ಮುಖವನ್ನೇ ನೋಡಿದ. "ಕೊಂಡ್ಕೊಂಡು ಬಂದ್ಯಾ? ಬಂದು ನಮಗೆಲ್ಲ ಸುಮ್ಸುಮ್ನೆ ಹಂಚಿದ್ಯಾ? ಯಾಕ್ಲಾ?"

ಕೇಳಿದ್ದು ಸರಿಯಾಗಿತ್ತು. ಉತ್ತರವೂ ನಿರ್ವಾಣಯ್ಯನ ಗಂಟಲ ತನಕ ಬಂತು. ನೀವು ಬಂದು ಕೂರಲಿ ಅಂತ. ಅಷ್ಟೇ ಮಾತು. ಆದರೆ ಇಡೀ ಬೀದಿ ಬಾಯಿ ನೋಡುತ್ತಿರುವಾಗ ಆ ಮಾತು ಹೇಳುವುದಕ್ಕಿಂತ ಪಂಚೆ ಬಿಚ್ಚಿ ನಿಲ್ಲುವುದು ಸುಲಭವೆನಿಸಿತು. ಬಗ್ಗಿ, ಉರುಳಿದ್ದ ಒಂದು ಸೌತೆಕಾಯಿಯನ್ನು ರಾಶಿಗೆ ಸೇರಿಸಿದ.

"ನೋಡಿದ್ರಾ?" ಎಂದ ತಿಮ್ಮಪ್ಪ ಜನರ ಕಡೆ ತಿರುಗಿ. "ಇಂಥವರು ತಮ್ಮದು ಅಂತ ಏಳ್ಕಳಾಕಿಲ್ಲ. ಸಂತೇದು ಅಂತಾರೆ. ದುಡ್ಡು ಕೊಟ್ಟು ತಂದು ಊರಿಗೆ ಹಂಚೋ ಹುಚ್ಚು ಯಾವನಿಗಿದ್ದಾತು?" ದೊಣ್ಣೆ ಕೆಳಗೆ ಹಾಕಿ, ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಸುತ್ತಿ ಕೈಮುಗಿದ. "ತಪ್ಪಾಯ್ತು ಬುದ್ಧಿ. ಇಷ್ಟು ದಿನ ಲೇ ಅಂದೆ, ಲಾ ಅಂದೆ."

'ಬುದ್ಧಿ' ಎಂಬುದು ಮಠದ ಸ್ವಾಮಿಗಳನ್ನು ಕರೆಯುವ ಮಾತು. ನಿರ್ವಾಣಯ್ಯ ಹಿಂದೆ ತಿರುಗಿ, ಯಾರಾದರೂ ಸ್ವಾಮಿಗಳು ಬಂದರೇನೋ ಎಂದು ನೋಡಿದ.

ಇನ್ಸ್‌ಪೆಕ್ಟರು ಅವನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆ, ಬೈದರೆ ಜನಕ್ಕೆ ಬುದ್ಧಿ ಬರುತ್ತದೆ ಎಂದು ಅವನು ಆಸೆಯಿಂದ ಹೋದ. ಅವರು ದನಿ ತಗ್ಗಿಸಿ, "ನನಗೆ ಹಾಸನಕ್ಕೆ ವರ್ಗ ಆಗಬೇಕಾಗಿದೆ. ಅಮ್ಮನವರನ್ನು ಒಂದು ಮಾತು ಕೇಳಿ ನೋಡ್ತೀರಾ?" ಎಂದರು.

"ಮುದ್ದಮ್ಮನ್ನ ಕರೆಸ್ರಪ್ಪಾ!" ಎಂದು ನಿರ್ವಾಣಯ್ಯ ಕಿರುಚಿದ. "ಹಳ್ಳಿಮೈಸೂರು ಮುದ್ದಮ್ಮ, ತರಕಾರಿಯವಳು. ಅವಳು ಹೇಳ್ತಾಳೆ!"

ಬುದ್ಧಿಯವರ ಅಪ್ಪಣೆಯಾದ ಮೇಲೆ ತಡವೇ? ತಿಮ್ಮಪ್ಪ ಬಸ್ಸಿನವನ ಕೈಲಿ ಹೇಳಿ ಕಳಿಸಿದ. ನಿರ್ವಾಣಯ್ಯ ಧೈರ್ಯ ತಂದುಕೊಂಡು ಕಾದ. ಮುದ್ದಮ್ಮನ ಬಾಯಿ ಅವನಿಗೆ ಚೆನ್ನಾಗಿ ಗೊತ್ತು. ಎಷ್ಟು ವಾರದ ವ್ಯಾಪಾರವಾದರೂ ಅವಳು ಅವನನ್ನು ಬೈಯದೆ ತಕ್ಕಡಿ ಎತ್ತಿದವಳಲ್ಲ. "ಕಾಯಿ ಇಸುಕಿ ಇಸುಕಿ ನೋಡ್ಬ್ಯಾಡ ಕಣಯ್ಯ, ಅದೇನು ಎಮ್ಮೆ ಕೆಚ್ಚಲಾ? ಕೊಳ್ಳಂಗಿದ್ರೆ ಕೊಳ್ಳು, ಇಲ್ದಿದ್ರೆ ಜಾಗ ಬುಡು!" ಆ ಬೈಗುಳಕ್ಕೆ ಅವನು ಬೇಕೆಂದೇ ಒಂದು ಬೆಲೆ ಕಡಿಮೆ ಕೇಳುತ್ತಿದ್ದ. ಅವಳು ಬಂದು ಒಂದು ಸಲ ಬಾಯಿಬಿಟ್ಟರೆ ಈ ಭಕ್ತಿಯೆಲ್ಲ ಹಾರಿಹೋಗುತ್ತದೆ.

ಮಧ್ಯಾಹ್ನದ ಬಸ್ಸಿಗೆ ಮುದ್ದಮ್ಮ ಬಂದಳು. ತಲೆಯ ಮೇಲೆ ತುಂಬಿದ ಬುಟ್ಟಿ. ನಿರ್ವಾಣಯ್ಯ ಬೀದಿಗೆ ಓಡಿ, "ಹೇಳಮ್ಮ, ನಿನ್ನ ಹತ್ರ ತಾನೇ ನಾನು ತರಕಾರಿ ಕೊಂಡದ್ದು?" ಎಂದ.

"ಊ ಕಣಪ್ಪ, ನನ್ನತ್ರಾನೇ," ಎಂದಳು ಮುದ್ದಮ್ಮ.

ಜನ ಮುಖಮುಖ ನೋಡಿಕೊಂಡರು. ನಿರ್ವಾಣಯ್ಯನಿಗೆ ಹೋದ ಜೀವ ಬಂತು. ತಿಮ್ಮಪ್ಪ ಮತ್ತೆ "ಲೇ" ಎನ್ನಲು ಬಾಯಿ ತೆರೆದದ್ದೂ ಕಂಡಿತು.

"ಅದ್ಕೇ ಅಲ್ವಾ ನಾನು ಓಡ್ಬಂದಿದ್ದು!" ಎಂದು ಮುದ್ದಮ್ಮ ಬುಟ್ಟಿಯನ್ನು ಅವನ ಕಾಲ ಹತ್ತಿರ ಇಳಿಸಿದಳು. "ಬಸ್ಸಿನೋನು ಎಲ್ಲಾ ಏಳ್ದ. ಸುತ್ತ ಏಳೂರ ಬಾವಿ ಬತ್ತೋದ್ರೂ ನನ್ನ ತ್ವಾಟದ್ದು ಬತ್ತಲಿಲ್ಲ. ಯಾಕೆ ಅಂತ ನಂಗೆ ಗೊತ್ತಾಗ್ಲಿಲ್ಲ. ಇವರ ಕೈ ನನ್ನ ಬುಟ್ಟಿ ಮುಟ್ಟಿದ್ದಕ್ಕೆ ಕಣ್ರವ್ವ! ಅಂಥೋರಿಗೆ ಬಾಯಿಗೆ ಬಂದಂಗೆ ಅಂದೆನಲ್ಲಪ್ಪ. ಉಳುಕು ಬದನೆಕಾಯಿ ಅಡೀಲಿ ಸೇರ್ಸಿ ಕೊಟ್ಟೆನಲ್ಲಪ್ಪ!" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. "ಇನ್ನು ನೀವು ಸಂತೆಗೆ ಬರಬ್ಯಾಡಿ ಬುದ್ಧಿ. ನಿಮ್ಮ ತಾವ ವ್ಯಾಪಾರ ಮಾಡಿ ಪಾಪ ಕಟ್ಕೊಳ್ನಾ? ವಾರವಾರ ನಾನೇ ತಂದು ಒಪ್ಪಿಸ್ತೀನಿ."

ನಿರ್ವಾಣಯ್ಯ ಬುಟ್ಟಿಯನ್ನು ಅವಳ ಕಡೆಗೇ ತಳ್ಳಿದ; ಅವಳು ಮುಟ್ಟಲಿಲ್ಲ.

ಸಂಜೆಯ ಹೊತ್ತಿಗೆ ಜಗಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬಳ್ಳಿ ಒಣಗಿ ಹೋದವರೂ ಎಲ್ಲಿಂದಲೋ ತಂದ ಒಂದೊಂದು ಕುಂಬಳ, ಒಂದೊಂದು ಹೀರೆ ಇಟ್ಟು, ದೂರದಲ್ಲಿ ನಿಂತು ಕೈಮುಗಿದು, ಬೆನ್ನು ತೋರಿಸಬಾರದೆಂದು ಹಿಂದಹಿಂದಕ್ಕೆ ನಡೆದು ಹೋದರು. ಯಾರೂ ಕೂರಲಿಲ್ಲ. ಸುವರ್ಣಮ್ಮನ ಕೈಗೆ ಅವನು ಒಂದು ಬದನೆಕಾಯಿ ಕೊಟ್ಟು, "ಸೊಸೆ ಏನಂತಾಳಮ್ಮ?" ಎಂದು ಕೇಳಿದ. ಅವಳು ಬದನೆಕಾಯಿಯನ್ನು ಕಣ್ಣಿಗೊತ್ತಿಕೊಂಡು, "ತಮ್ಮ ಆಶೀರ್ವಾದ, ಚಿನ್ನದಂಥೋಳು," ಎಂದು ಸುಳ್ಳು ಹೇಳಿ ಹೊರಟುಹೋದಳು.

ಕೊನೆಗೆ ಉಳಿದವನು ತಿಮ್ಮಪ್ಪ. ಮೆಟ್ಟಿಲ ಕೆಳಗೆ ಕೈಕಟ್ಟಿ ನಿಂತಿದ್ದ.

"ಬಾರೋ, ಕೂತ್ಕೊ," ಎಂದು ನಿರ್ವಾಣಯ್ಯ ಕುಂಬಳಕಾಯಿ ಸರಿಸಿ ಚಾಪೆಯಲ್ಲಿ ಜಾಗ ಮಾಡಿದ. "ನಿನ್ನ ದಾಯಾದಿಗಳ ವ್ಯಾಜ್ಯ ಎಲ್ಲಿಗೆ ಬಂತು?"

"ಅದೆಲ್ಲ ಲೌಕಿಕ ಬುದ್ಧಿ. ತಮ್ಮ ಕಿವಿ ಮ್ಯಾಲೆ ಆಕೋ ಅಂಥದ್ದಲ್ಲ."

ನಿರ್ವಾಣಯ್ಯ ಬೀದಿಯ ಎರಡೂ ಕಡೆ ನೋಡಿದ. ಯಾರೂ ಇರಲಿಲ್ಲ. ಬೆಳಿಗ್ಗೆ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಈಗ ಹೇಳಬಹುದೆನಿಸಿತು.

"ತಿಮ್ಮಪ್ಪ, ಯಾಕ್ಲಾ ಅಂತ ಕೇಳ್ದೆಯಲ್ಲ, ಕೇಳು. ಒಬ್ಬನೇ ಇರಕ್ಕೆ ಆಗಲಿಲ್ಲ ಕಣೋ. ನೀನು ಬಂದು ಒಂದು ಗಳಿಗೆ ಕೂತ್ಕೊಳ್ಳಲಿ ಅಂತ ಕೊಂಡು ತಂದು ಕೊಟ್ಟೆ. ಅಷ್ಟೇ."

ತಿಮ್ಮಪ್ಪನ ಕಣ್ಣಲ್ಲಿ ನೀರು ತುಂಬಿತು. ನಿರ್ವಾಣಯ್ಯ ಚಾಪೆಯನ್ನು ಕೈಯಿಂದ ಇನ್ನೊಮ್ಮೆ ಸವರಿ ಸಾಪು ಮಾಡಿದ.

"ಎಂಥಾ ಮಾತು ಆಡ್ಬುಟ್ರಿ ಬುದ್ಧಿ!" ಎಂದ ತಿಮ್ಮಪ್ಪ. "ನಮ್ಮಂಥ ಪಾಮರರು ಬರಲಿ ಅಂತ ತಾವು ಅಷ್ಟು ದೂರ ಓಗಿ... ಈ ಮಾತ ನಾನೊಬ್ನೇ ಇಟ್ಕೋಬಾರ್ದು."

ಅವನು ನೆಲ ಮುಟ್ಟಿ ನಮಸ್ಕರಿಸಿ, ಹಿಂದಹಿಂದಕ್ಕೆ ನಡೆದು, ಬೀದಿಗೆ ಇಳಿದು ಓಡಿದ. ಸುವರ್ಣಮ್ಮನ ಬಾಗಿಲು ಬಡಿದದ್ದು ನಿರ್ವಾಣಯ್ಯನಿಗೆ ಕೇಳಿಸಿತು, ಆಮೇಲೆ ಅದರಾಚೆಯ ಮನೆಯದು, ಅದರಾಚೆಯದು. ಪ್ರತಿಯೊಂದು ಮನೆಯಲ್ಲೂ ಜನ ತಿಮ್ಮಪ್ಪನನ್ನು ಒಳಗೆ ಕರೆದು ಕೂರಿಸಿ, ಹೇಳು ಹೇಳು ಎಂದು ಕೇಳುತ್ತಿದ್ದರು. ಬೀದಿಯೆಲ್ಲ ಮಾತೇ ಮಾತು. ನಿರ್ವಾಣಯ್ಯ ಕುಂಬಳಕಾಯಿಗಳ ನಡುವೆ ಕೂತು, ಯಾವ ಮನೆಯಲ್ಲಿ ಏನು ಹೇಳುತ್ತಿದ್ದಾನೆಂದು ಕಿವಿಗೊಟ್ಟು ಕೇಳಲು ನೋಡಿದ. ಅಷ್ಟು ದೂರಕ್ಕೆ ಸರಿಯಾಗಿ ಕೇಳಿಸಲಿಲ್ಲ.